ಮೇಷ್ಟ್ರ ಕೈಚಳಕಕ್ಕೆ ಸರ್ಕಾರದ ಷರತ್ತು

ಹೆಡ್‌ಮಾಸ್ಟರ ಕೈಗುಣದ ಬಗ್ಗೆ ಅವರ ಹೆಂಡತಿಗೆ ಯಾವ ಭ್ರಮೆಯೂ ಉಳಿದಿರಲಿಲ್ಲ. ಅವರು ಸರಿಮಾಡಿದ ನಲ್ಲಿಯಲ್ಲಿ ನೀರು ಅದರ ಬಾಯಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆಯಿಂದಲೂ ಬರುತ್ತಿತ್ತು. ಅವರು ಮೊಳೆ ಹೊಡೆದು ಭದ್ರಪಡಿಸಿದ ಗಡಿಯಾರ, ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಸಾಕು, ನೆಲಕ್ಕೆ ಬೀಳುತ್ತಿತ್ತು. ಹಾಗಾಗಿ ಆ ಮನೆಯಲ್ಲಿ ಬಾಗಿಲನ್ನು ಮಗು ಮಲಗಿಸುವಷ್ಟು ಮೆತ್ತಗೆ ಹಾಕುವುದು ರೂಢಿ. (ಜಗಳವಾಡಿ ಬಾಗಿಲು ದಢಾರನೆ ಹಾಕಿಕೊಳ್ಳುವ ಭಾಗ್ಯವೂ ಪಾಪ ಆಕೆಗಿರಲಿಲ್ಲ.)

ಇದೇ ಕೈಗಳು ಪಕ್ಕದ ಸರ್ಕಾರಿ ಶಾಲೆಯನ್ನೂ ಇಷ್ಟು ವರ್ಷ ಎತ್ತಿಹಿಡಿದಿದ್ದವು. ಮೇಷ್ಟ್ರು ಅಲ್ಲೇ ಅ ಆ ಇ ಈ ಕಲಿಯುವಾಗಲೇ ಆ ಕಟ್ಟಡಕ್ಕೆ ಮುಪ್ಪು ಬಂದಿತ್ತು. ಮಳೆಗಾಲದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳು ಗಣಿತದ ಜೊತೆ ಬಕೆಟ್ಟನ್ನೂ ನೋಡಿಕೊಳ್ಳಬೇಕಿತ್ತು. ಚಾವಣಿಯ ಚೂರು ಯಾವ ಮಗುವಿನ ತಲೆ ಮೇಲೆ ಬಿದ್ದೀತೋ ಎಂದು ಮೇಷ್ಟ್ರಿಗೆ ನಿಜಕ್ಕೂ ಹೆದರಿಕೆ. ಮಳೆ ಶುರುವಾದರೆ ಅವರಿಗೆ ನಿದ್ದೆಯೇ ಬರುತ್ತಿರಲಿಲ್ಲ. ಅನುದಾನ ಕೊಡಿ ಎಂದು ಕೇಳಿ ಕೇಳಿ ಗಂಟಲು ಒಣಗಿದ ಮೇಲೆ, ನಾಳೆ ಕಟ್ಟಡ ನೋಡಲು ಇಂಜಿನಿಯರ್ ಬರುತ್ತಾರೆಂದು ಇಲಾಖೆಯಿಂದ ಫೋನು ಬಂತು. ಕಟ್ಟಡ ದುಸ್ಥಿತಿಯಲ್ಲಿದೆ ಅಂತ ಅವರು ಹೇಳಿದರೆ ಹೊಸ ಚಾವಣಿ, ಇಲ್ಲದಿದ್ದರೆ ಬಕೆಟ್ಟೇ ಗತಿ.

ಇಂಥ ಹೊತ್ತಿನಲ್ಲಿ ಬುದ್ಧಿಯಿರುವ ಮನುಷ್ಯ ಕೈಕಟ್ಟಿ ಕೂರುತ್ತಾನೆ. ನಮ್ಮ ಮೇಷ್ಟ್ರು ಸುಣ್ಣದ ಡಬ್ಬ ಹೊತ್ತು ಹೊರಟರು.

“ರೀ, ಏನ್ರೀ ಇದು?”

“ದೊಡ್ಡೋರು ಬರ್ತಿದಾರೆ ಕಣೇ. ಗೋಡೆ ಹಿಂಗೇ ತೋರಿಸಿದ್ರೆ ನನ್ನ ಮಾನ ಏನಾಗ್ಬೇಕು?”

“ಅವರು ಬರ್ತಿರೋದೇ ಬಿರುಕು ನೋಡೋಕೆ! ಡಾಕ್ಟ್ರ ಹತ್ರ ಹೋಗೋವಾಗ ಗಾಯಕ್ಕೆ ಪೌಡರ್ ಬಳ್ಕೊಂಡು ಹೋಗ್ತಾರಾ ಯಾರಾದ್ರೂ?”

“ನಿಂಗೆ ಆಡಳಿತ ಅರ್ಥ ಆಗಲ್ಲ ಬಿಡು.”

“ಆಡಳಿತ ಅರ್ಥ ಆಗ್ದಿದ್ರೂ ನಿಮ್ಮ ಸಿಮೆಂಟು ಅರ್ಥ ಆಗತ್ತೆ.”

ಮೇಷ್ಟ್ರು ಕಿವಿಗೆ ಹಾಕಿಕೊಳ್ಳಲಿಲ್ಲ. ಬಿರುಕುಗಳಿಗೆ ಸಿಮೆಂಟು ಮೆತ್ತಿದರು. ಸೋರುವ ಕಡೆಗೆಲ್ಲ ರಟ್ಟು ಅಂಟಿಸಿ ಅದಕ್ಕೂ ಸುಣ್ಣ ಬಳಿದರು. ಗೋಡೆಯ ತೂತಿನ ಮೇಲೆ ಭೂಪಟ ನೇತುಹಾಕಿದರು. ತೂತು ಸರಿಯಾಗಿ ಮಹಾಸಾಗರದ ಹಿಂದೆ ಅಡಗಿತು.

ಮರುದಿನ ಮಕ್ಕಳೆಲ್ಲ ಮೈದಾನದಲ್ಲಿದ್ದಾಗ ಇಂಜಿನಿಯರಮ್ಮ ಬಂದರು. ಇನ್ನೂ ಎಷ್ಟೋ ಶಾಲೆ ನೋಡುವುದಿತ್ತು, ಆಕೆಗೆ ಅವಸರ. ನಾಲ್ಕನೇ ಕ್ಲಾಸಿನ ಕೋಣೆಯ ನಡುವೆ ನಿಂತು ಸುತ್ತ ಕಣ್ಣಾಡಿಸಿದರು.

“ಪರವಾಗಿಲ್ವೇ! ಬಹಳ ಚೆನ್ನಾಗಿಟ್ಟಿದೀರಿ ಮೇಷ್ಟ್ರೇ.”

ಮೇಷ್ಟ್ರು ಉಬ್ಬಿಹೋದರು.

“ಇದಕ್ಕಿಂತ ಹಾಳಾಗಿರೋ ಶಾಲೆಗಳಿವೆ. ಈ ವರ್ಷ ಅವಕ್ಕೆ ಕೊಡೋಣ, ಅಲ್ವಾ?”

ಮೇಷ್ಟ್ರು ಓಡಿ ಅಡ್ಡ ನಿಂತರು. “ಅಯ್ಯಯ್ಯೋ, ಇಲ್ಲ ಮೇಡಂ! ಎಲ್ಲಾ ಕೆಟ್ಟು ಕೆರ ಹಿಡಿದಿದೆ! ಇದೆಲ್ಲ ನಾನು ಮುಚ್ಚಿಟ್ಟಿದ್ದು!” ಎಂದು ಬೆಂಚು ಹತ್ತಿ ಚಾವಣಿ ಪರಚಿದರು. ಇಳಿದು ಗೋಡೆಗೆ ಗುದ್ದಿದರು. (ಗಾಬರಿಯಲ್ಲಿ ಭೂಪಟ ಎತ್ತಿ ತೋರಿಸುವುದು ಮಾತ್ರ ಹೊಳೆಯಲಿಲ್ಲ.) ಜನ್ಮದಲ್ಲಿ ಮೊದಲ ಸಲ ಅವರ ರಿಪೇರಿ ಗಟ್ಟಿಯಾಗಿ ನಿಂತಿತ್ತು! ಇಂಜಿನಿಯರಮ್ಮ ವಿನಯಕ್ಕೂ ಒಂದು ಮಿತಿ ಬೇಕು ಎಂಬಂತೆ ನಕ್ಕು ಜಗಲಿಗೆ ನಡೆದರು.

ಅಷ್ಟರಲ್ಲಿ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಮೇಷ್ಟ್ರ ಹೆಂಡತಿ ಬಂದರು. ಹೊರಟುನಿಂತ ಇಂಜಿನಿಯರಮ್ಮನನ್ನು ನೋಡಿದರು, ಒಳಗೆ ಗೋಡೆಯ ಜೊತೆ ಗುದ್ದಾಡುತ್ತಿದ್ದ ಗಂಡನನ್ನು ನೋಡಿದರು. ಯಾರೂ ಏನೂ ಹೇಳಬೇಕಾಗಲಿಲ್ಲ.

“ಮೇಡಂ, ಒಂದೇ ನಿಮಿಷ. ರೀ, ನೀವು ಆಚೆ ಬನ್ನಿ.”

“ಸುಮ್ನಿರೇ, ನಾನಿಲ್ಲಿ...”

“ಬನ್ರೀ ಅಂದ್ರೆ!”

ಮೇಷ್ಟ್ರು ಬಂದರು. (ಆ ದನಿಗೆ ಬರದೆ ಅವರು ಎಲ್ಲಿಗೆ ಹೋದಾರು?) ಆಕೆ ಫ್ಲಾಸ್ಕು ಕೆಳಗಿಟ್ಟು, ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಕೋಣೆಯ ಬಾಗಿಲು ಹಿಡಿದು, ಮದುವೆಯಾದಂದಿನಿಂದ ಕೂಡಿಟ್ಟಿದ್ದ ಆಸೆಯನ್ನೆಲ್ಲ ಸೇರಿಸಿ ದಢಾರನೆ ಹಾಕಿದರು.

ಒಳಗೆ ಧೊಪ್ಪೆಂದಿತು. ಆಮೇಲೆ ಧಡಧಡ. ಬಾಗಿಲು ತೆಗೆದರೆ ಬರೀ ಬಿಳಿ ಧೂಳು. ಧೂಳು ಕೂತಾಗ ಮಹಾಸಾಗರವಿದ್ದಲ್ಲಿ ಆಚೆಯ ಮೈದಾನ ಕಾಣುತ್ತಿತ್ತು. ಮಕ್ಕಳ ಮೊದಲ ಸಾಲಿನ ಬೆಂಚಿನ ಮೇಲೆ ಚಾವಣಿಯ ದೊಡ್ಡ ಚೂರೊಂದು ಬಿದ್ದಿತ್ತು.

“ಇವತ್ತಿಂದ ಈ ಕಟ್ಟಡದಲ್ಲಿ ಮಕ್ಕಳು ಕೂರೋ ಹಾಗಿಲ್ಲ. ಸಮುದಾಯ ಭವನಕ್ಕೆ ಕರ್ಕೊಂಡು ಹೋಗಿ,” ಎಂದರು ಇಂಜಿನಿಯರಮ್ಮ. “ಚಾವಣಿ, ಗೋಡೆ ಎಲ್ಲಾ ಹೊಸದೇ ಆಗ್ಬೇಕು. ನಾನೇ ನಿಂತು ಮಂಜೂರು ಮಾಡಿಸ್ತೀನಿ.”

ಮೇಷ್ಟ್ರು ಅಲ್ಲೇ ಜಗಲಿಯಲ್ಲಿ ಕುಸಿದು ಕೂತು, ಉಸ್ಸಪ್ಪಾ ಎಂದು ಉಸಿರುಬಿಟ್ಟು, ಎಲ್ಲರೆದುರೇ ಕಣ್ಣೊರೆಸಿಕೊಂಡರು. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ಸರಿಯಾಗಿ ಆಗ ಜಗಲಿಯ ರಟ್ಟು ಅವರ ತಲೆ ಮೇಲೆ ಬಿತ್ತು.

“ಒಂದೇ ಷರತ್ತು,” ಎಂದರು ಇಂಜಿನಿಯರಮ್ಮ. “ಹೊಸ ಕಟ್ಟಡಕ್ಕೆ ನೀವು ಒಂದು ಮೊಳೆಯನ್ನೂ ಹೊಡೀಬಾರದು.”

ಆ ವಾರವೇ ಮಳೆ ಹಿಡಿಯಿತು. ಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿ ಮೇಷ್ಟ್ರ ಕೈ ತಾನಾಗಿ ಸ್ಪ್ಯಾನರಿನತ್ತ ಹೋಯಿತು.

“ಸರ್ಕಾರದ ಷರತ್ತು,” ಎಂದರು ಹೆಂಡತಿ.

“ಅದು ಶಾಲೆಗೆ ಕಣೇ!”

“ಮನೆಗೂ ವಿಸ್ತರಿಸಿದೀನಿ. ಪ್ಲಂಬರ್ ಬರ್ತಿದಾನೆ, ಮಲಗಿ.”

ಮೇಷ್ಟ್ರು ಸ್ಪ್ಯಾನರ್ ಕೆಳಗಿಟ್ಟು ಮಲಗಿದರು. ಹೊರಗೆ ಮಳೆ ಧೋ ಎನ್ನುತ್ತಿತ್ತು, ಅವರು ಗೊರಕೆ ಹೊಡೆಯುತ್ತಿದ್ದರು. ಹೆಂಡತಿ ಒಂದು ಗಳಿಗೆ ಅವರನ್ನೇ ನೋಡಿ, ಹೊರಗೆ ಬಂದು, ಬಾಗಿಲನ್ನು ಮೆತ್ತಗೆ ಹಾಕಿದರು.