ನಾಲ್ಕು ತಾಲೂಕು, ನಾಲ್ಕು ಫೋಟೋ, ಒಂದು ರಾಗಿ ಮಿಷನ್ನು

ನಮ್ಮ ಸ್ಟುಡಿಯೋದಲ್ಲಿ ಒಂದು ದಿನ ಏನೂ ಎಡವಟ್ಟಾಗದೆ ಕಳೆಯಿತು ಅಂದರೆ, ಅವತ್ತು ಕರೆಂಟ್ ಇರಲಿಲ್ಲ ಅಂತಲೇ ಅರ್ಥ.

ಸ್ಟುಡಿಯೋ ಇರೋದು ಮಧುಗಿರಿ ಬಸ್ ಸ್ಟ್ಯಾಂಡಿನ ಹತ್ತಿರ. ಮುಂದಿನ ಕೋಣೆ ಅಪ್ಪನದು. ಅಲ್ಲಿ ಒಂದು ಕನ್ನಡಿ, ಒಂದು ಬಾಚಣಿಗೆ, ಒಂದು ಪೌಡರ್ ಡಬ್ಬ, ಒಂದು ಸ್ಟೂಲು. ಮೂವತ್ತು ವರ್ಷದಿಂದ ಆ ಸ್ಟೂಲಿನ ಮೇಲೆ ಕೂತವರಿಗೆಲ್ಲ ಅಪ್ಪ ಹೇಳಿದ್ದು ಮೂರೇ ಮಾತು: "ಗದ್ದ ಕೆಳಗೆ. ಉಸಿರು ಹಿಡ್ಕಳಿ. ಅಲುಗಾಡಬೇಡಿ." ಹಾಗಾಗಿ ಈ ಸುತ್ತಿನ ಜನ ಕ್ಯಾಮೆರಾ ಕಂಡರೆ ಸಾಕು, ಮದುವೆ ಮನೇಲಿರಲಿ, ಹೊಲದಲ್ಲಿರಲಿ, ತಕ್ಷಣ ಪಾಸ್‌ಪೋರ್ಟ್ ಸೈಜಿಗೆ ಬಂದುಬಿಡುತ್ತಾರೆ.

ಹಿಂದಿನ ಕೋಣೆ ನನ್ನದು. ಜಗಳ ಆಡಿ ತಗೊಂಡದ್ದು. ಅಲ್ಲಿ ಎರಡು ಫ್ಲಾಶ್ ಲೈಟು, ಬಲ್ಬಿಗೆ ಬಿಳೀ ಬಟ್ಟೆಯ ಮುಸುಕು ಹಾಕಿದ ದೊಡ್ಡ ಸಾಫ್ಟ್‌ಬಾಕ್ಸು, ಬೆಳಕು ಹರಡೋಕೆ ಒಂದು ಬಿಳೀ ಕೊಡೆ, ಬಣ್ಣಬಣ್ಣದ ಪರದೆ, ಬೆತ್ತದ ಕುರ್ಚಿ, ಕೆಟ್ಟ ರೇಡಿಯೋ, ಹಿತ್ತಾಳೆ ಲಾಟೀನು ಇವೆ. ಅಪ್ಪ ಬಾಗಿಲಲ್ಲಿ ನಿಂತು ಆ ಕೊಡೆ ನೋಡಿ, "ಏನಮ್ಮ, ಸೂರು ಸೋರ್ತಾ ಐತಾ?" ಅಂತ ಕೇಳಿದವರು, ಮತ್ತೆ ಒಳಗೆ ಕಾಲಿಡಲಿಲ್ಲ.

ಫ್ಯಾಷನ್ ಫೋಟೋ ತೆಗೀತೀನಿ ಅಂತ ಬೋರ್ಡು ಹಾಕಿ ಮೂರು ವರ್ಷವಾದರೂ ಬಂದವರೆಲ್ಲ ಆಧಾರ್‌ಗೆ ಅಂತಲೇ ಬಂದರು. ಕೊನೆಗೆ ಅಪ್ಪ ತೀರ್ಪು ಕೊಟ್ಟರು. "ನೋಡು ಮಗಾ, ಈ ಸಲ ದೀಪಾವಳಿಯೊಳಗೆ ನಿನ್ ಕೋಣೆಗೆ ನೆಟ್ಟಗೆ ಒಂದು ಕೆಲ್ಸ ಬರಬೇಕು. ಇಲ್ದಿದ್ರೆ ಅಲ್ಲಿ ರಾಗಿ ಮಿಷನ್ ಹಾಕುಸ್ತೀನಿ. ಜನ ಡಬ್ಬ ಹಿಡ್ಕಂಡು ಕ್ಯೂ ನಿಲ್ತಾರೆ."

ಅಷ್ಟರಲ್ಲಿ ನಮ್ಮಿಂದ ನಾಲ್ಕು ಮಳಿಗೆ ಆಚೆ ಇರೋ ಬಟ್ಟೆ ಅಂಗಡಿ ಯಜಮಾನರು ಅಂಗಡಿ ದೊಡ್ಡದು ಮಾಡಿದರು. ಮುಂದೆ ಆಳೆತ್ತರದ ನಾಲ್ಕು ಬೋರ್ಡು ಹಾಕಬೇಕು, ಬೆಂಗಳೂರಿನಿಂದ ಮಾಡೆಲ್ ಕರೆಸ್ತೀನಿ ಅಂದರು. ನಾನು ಓಡಿಹೋಗಿ, "ಅಣ್ಣಾ, ನಿಮ್ಮ ಅಂಗಡಿಗೆ ಬರೋರು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದೋರು. ತಾಲೂಕಿಗೊಬ್ಬರ ಹಾಗೆ ನಮ್ಮವರನ್ನೇ ನಿಲ್ಲಿಸಿ ತೆಗೀತೀನಿ. ಹಿಡಿಸಿದರೆ ವರ್ಷದ ಫೋಟೋ ಕೆಲಸ ಎಲ್ಲ ನನಗೆ. ಹಿಡಿಸದಿದ್ದರೆ ಬೆಂಗಳೂರಿಗೆ ಫೋನ್ ಮಾಡಿ," ಅಂದೆ. ಅವರು ಒಪ್ಪಿದರು. ನಾನು ಹೊಸ ನೋಟ್‌ಬುಕ್ಕಿನಲ್ಲಿ ಯಾರಿಗೆ ಯಾವ ಬಟ್ಟೆ, ಯಾವ ಸಾಮಾನು, ಯಾವ ಕಡೆಯಿಂದ ಬೆಳಕು ಅಂತ ನೀಟಾಗಿ ಪ್ಲಾನ್ ಬರೆದೆ. ಆ ಪ್ಲಾನಿನ ಪ್ರಕಾರ ಆದದ್ದು ಒಂದೇ, ನೋಟ್‌ಬುಕ್ಕಿಗೆ ರಟ್ಟು ಹಾಕಿದ್ದು.

೧. ಕೊರಟಗೆರೆಯ ಪೀಟಿ ಮೇಷ್ಟ್ರು

ಪ್ಲಾನ್: ನೀಲಿ ಕುರ್ತಾ, ಬೆತ್ತದ ಕುರ್ಚಿಗೆ ಒರಗಿ ನಿಂತ ಭಂಗಿ, ಎಡಗಡೆಯಿಂದ ಮೆತ್ತನೆ ಬೆಳಕು, ಮುಖದಲ್ಲಿ ಭಾನುವಾರದ ಸೋಮಾರಿತನ.

ಆರು ಅಡಿ ಎತ್ತರದ ಸರ್ಕಾರಿ ಶಾಲೆ ಪೀಟಿ ಮೇಷ್ಟ್ರು. ಕುರ್ತಾ ಹಾಕಿಕೊಂಡು ಬಂದರೆ ಕಣ್ಣಿಗೆ ಹಬ್ಬ. ನಾನು ಖುಷಿಯಿಂದ "ರೆಡಿ ಸರ್" ಅಂದೆ ನೋಡಿ, ಹಿಮ್ಮಡಿ ಎರಡೂ ಟಪ್ ಅಂತ ಕೂಡಿದವು, ಎದೆ ಉಬ್ಬಿತು, ಮುಷ್ಟಿ ತೊಡೆಗೆ ಅಂಟಿತು.

"ರಿಲ್ಯಾಕ್ಸ್ ಸರ್, ರಿಲ್ಯಾಕ್ಸ್!" ಅಂದೆ.

ತಕ್ಷಣ ಕಾಲು ಅಗಲ ಮಾಡಿ, ಕೈ ಹಿಂದೆ ಕಟ್ಟಿ ವಿಶ್ರಾಮ್‌ನಲ್ಲಿ ನಿಂತರು.

"ಹಂಗಲ್ಲ ಸರ್, ಇನ್ನೂ ಲೂಸಾಗಿ."

"ಆರಾಮ್ ಸೇ ನಾ ಮೇಡಂ?" ಅಂತ ಕೇಳಿ ಭುಜ ಮಾತ್ರ ಅರ್ಧ ಇಂಚು ಇಳಿಸಿದರು.

ಒಂದು ಗಂಟೆ ತೆಗೆದೆ. ಪ್ರತಿ ಫೋಟೋದಲ್ಲೂ ಅವರ ತಲೆ ಮೇಲೆ ಒಂದು ಬಾವುಟ ಹಾರುತ್ತಿದ್ದರೆ ಸರಿಹೋಗುತ್ತಿತ್ತು. ಕುರ್ಚಿಗೆ ಒರಗಿ ಅಂದರೆ ಕುರ್ಚಿಯನ್ನೇ ಅಟೆನ್ಷನ್ನಿಗೆ ನಿಲ್ಲಿಸಿದರು. ನನಗೂ ರೇಗಿತು. "ಆಯ್ತು ಸರ್, ವಿಸರ್ಜನ್!" ಅಂತ ಕಿರುಚಿಬಿಟ್ಟೆ.

ಪುಣ್ಯಾತ್ಮ ಗರ್ರ್ ಅಂತ ಬಲಕ್ಕೆ ತಿರುಗಿದರು. ಕುರ್ತಾದ ಅಂಚು ಹಾರಿತು, ಕೂದಲು ಹಣೆಗೆ ಬಿತ್ತು, ಮುಖದಲ್ಲಿ ಎಂಟನೇ ಪೀರಿಯಡ್ ಮುಗಿದ ನಗು. ನನ್ನ ಬೆರಳು ತಾನಾಗೇ ಒತ್ತಿತು. ಮೊದಲನೇ ಬೋರ್ಡು ಆಯಿತು!

ಅಬ್ಬಾ ಅಂತ ಸ್ಕ್ರೀನ್ ನೋಡಿ ತಲೆ ಎತ್ತಿದರೆ ಮೇಷ್ಟ್ರಿಲ್ಲ. ಅಪ್ಪನ್ನ ಕೇಳಿದರೆ, "ಎಡ ಬಲ ಎಡ ಬಲ ಅಂತ ಹೋಗಿ ಕೊರಟಗೆರೆ ಬಸ್ ಹತ್ತಿದ್ರು. ಆ ಕುರ್ತಾದ ಕಾಲರಲ್ಲಿ ರೇಟಿನ ಚೀಟಿ ನೇತಾಡ್ತಾ ಇತ್ತಲ್ಲ, ಬೇಕಂತ ಬುಟ್ಟಿದ್ಯಾ?" ಅಂದರು.

೨. ಗೌಡಗೆರೆಯ ಅಜ್ಜ, ಜೊತೆಗೊಂದು ಟಗರು

ಪ್ಲಾನ್: ಬೂದು ಬಣ್ಣದ ಕೋಟು, ಹೆಗಲ ಮೇಲೆ ಅವರದೇ ಕರೀ ಕಂಬಳಿ, ಪಕ್ಕದಲ್ಲಿ ಟಗರು, ಹಿಂದೆ ಕಪ್ಪು ಪರದೆ.

ಶಿರಾ ಕಡೆಯ ಈ ಅಜ್ಜ ಕುರಿ ಮೇಯಿಸೋರು. ಬೆಳ್ಳಿ ಮೀಸೆ, ಬಿಸಿಲಲ್ಲಿ ಕಾದ ಮುಖ. ಫೋನ್ ಮಾಡಿ, "ಅಜ್ಜಾ, ಒಂದು ಫೋಟೋ ತೆಗೀಬೇಕು, ಟಗರನ್ನೂ ಕರ್ಕೊಂಡು ಬನ್ನಿ," ಅಂದಿದ್ದೆ. ಯಾಕೆ ಏನು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಟಗರಿಗೆ ಸ್ನಾನ ಮಾಡಿಸಿ ಗೂಡ್ಸ್ ಆಟೋದಲ್ಲಿ ತಂದರು. ನಾನು ಕೊಟ್ಟ ಕೋಟು ಮಾತಿಲ್ಲದೆ ಹಾಕಿಕೊಂಡರು. ಕೋಟಿನ ಮೇಲೆ ಕಂಬಳಿ ಬಿದ್ದಾಗ ಎಂಥ ಗತ್ತು ಅಂತೀರಿ! ಟಗರೂ ನಮ್ಮ ಪೀಟಿ ಮೇಷ್ಟ್ರಿಗಿಂತ ಚೆನ್ನಾಗಿ ನಿಂತಿತು.

ಆದರೆ ಕ್ಲಿಕ್ ಮಾಡೋ ಹೊತ್ತಿಗೆ ಸರಿಯಾಗಿ ಅಜ್ಜ ಬಗ್ಗಿ ಟಗರಿನ ಕಿವಿ ಹಿಡಿದು ಕ್ಯಾಮೆರಾ ಕಡೆ ಚಾಚುತ್ತಿದ್ದರು.

"ಅಜ್ಜಾ, ಕಿವಿ ಬಿಡಿ."

"ಬುಟ್ರೆ ಹೆಂಗವ್ವಾ? ಓಲೆ ನಂಬ್ರು ಕಾಣಬ್ಯಾಡ್ವಾ?"

ನೋಡಿದರೆ ಕಿವಿಯಲ್ಲಿ ಹಳದಿ ಪ್ಲಾಸ್ಟಿಕ್ ಓಲೆ. "ನಂಬರ್ ಯಾಕಜ್ಜಾ?" ಅಂದೆ.

"ವಿಮೆಗೆ ಕಣವ್ವ! ಹೋದ್ ಕಿತಾ ಕಿವಿ ಬರಾಬರ್ ಕಾಣ್ನಿಲ್ಲ ಅಂತ ಫೋಟೋ ವಾಪಸ್ ಕಳ್ಸುದ್ರು. ಈ ಸಲ ನಾ ಬುಡಾಕಿಲ್ಲ."

"ಮತ್ತೆ ಈ ಕೋಟು ಯಾಕೆ ಅಂದ್ಕೊಂಡ್ರಿ?"

"ಸರ್ಕಾರದ ಕೆಲ್ಸ ಅಲ್ವಾ ತಾಯಿ, ದಿನಕ್ಕೊಂದು ರೂಲ್ಸ್ ತತ್ತಾರೆ. ಹಾಕ್ಕ ಅಂದ್ರಿ, ಹಾಕ್ಕಂಡೆ."

ನಗು ತಡಕೊಂಡು ಕೈ ಮುಗಿದೆ. "ಅಜ್ಜಾ, ಇದು ಟಗರಿನ ವಿಮೆಗಲ್ಲ. ನನಗೆ ಬೇಕಾಗಿರೋದು ನಿಮ್ಮ ಫೋಟೋ. ನಿಮ್ಮದೇ!"

ಅಜ್ಜ ಒಂದು ಕ್ಷಣ ಯೋಚಿಸಿ, ಅರ್ಥವಾಯಿತು ಅನ್ನೋ ಹಾಗೆ ತಲೆಯಾಡಿಸಿದರು. ಪಕ್ಕಕ್ಕೆ ತಿರುಗಿ, ರುಮಾಲು ಮೇಲೆ ಸರಿಸಿ, ತಮ್ಮ ಕಿವಿಯನ್ನೇ ಹಿಡಿದು ಕ್ಯಾಮೆರಾ ಕಡೆ ಚಾಚಿದರು.

೩. ದುಮ್ಮು

ನಿಜ ವಿಷಯ ಗೊತ್ತಾದ ಮೇಲೆ ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು, ಆ ನಗು ಎರಡನೇ ಬೋರ್ಡಿಗಾಯಿತು. ಮೂರನೆಯದು ಪಾವಗಡದ್ದು. ಬಲಸಮುದ್ರದ ಒಬ್ಬ ಹೆಂಗಸು. ಸೋಲಾರ್ ಪಾರ್ಕಿನಲ್ಲಿ ದಿನಾ ಪ್ಯಾನಲ್ ತೊಳೆಯೋ ಕೆಲಸ. ಮನೆಮಾತು ಅರ್ಧ ತೆಲುಗು, ಅರ್ಧ ಕನ್ನಡ.

ಹಳದಿ ರೇಷ್ಮೆ ಸೀರೆ ಉಡಿಸಿ, ಕೈಗೆ ಹಿತ್ತಾಳೆ ಲಾಟೀನು ಕೊಟ್ಟು ನಿಲ್ಲಿಸಿದೆ. ಆಕೆ ಕನ್ನಡಿ ನೋಡಲಿಲ್ಲ, ಸೀರೆ ನೋಡಲಿಲ್ಲ, ನನ್ನ ಸಾಫ್ಟ್‌ಬಾಕ್ಸನ್ನೇ ದುರುಗುಟ್ಟಿ ನೋಡಿದರು.

"ಇದೇಮಮ್ಮಾ, ಇಷ್ಟು ದುಮ್ಮು!"

ದುಮ್ಮು ಅಂದರೆ ಧೂಳು. ಹೌದು, ಸ್ವಲ್ಪ ಇತ್ತು. ನಾನು, "ಪರವಾಗಿಲ್ಲ ಅಕ್ಕಾ, ಈ ಕಡೆ ನೋಡಿ," ಅಂದೆ.

"ಪರವಾಗಿಲ್ಲ ಅಂದ್ರೆ ಹೆಂಗೆ? ಇಷ್ಟು ದುಮ್ಮಿದ್ರೆ ಕರೆಂಟು ಹೆಂಗೆ ಬರ್ತದೆ?"

"ಇದು ಕರೆಂಟು ಕೊಡೋದಲ್ಲಕ್ಕಾ, ತಿನ್ನೋದು."

"ತಿನ್ನೋದಾ! ಮಾ ಊರ್ಲೋ ಎಕ್ರೆಗಟ್ಲೆ ಐತೆ, ಒಂದೂ ತಿನ್ನಲ್ಲ. ನೀನು ಸರಿಯಾಗಿ ನೋಡ್ಕಂಡಿಲ್ಲ."

ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಲೈಟು ಆರಿಸಿ, ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಿಬಿಟ್ಟರು. ಒಣಗಿದ ಮೇಲೆ ಮತ್ತೆ ಲೈಟು ಹಾಕಿ ತೆಗೆದರೆ ಫೋಟೋ ಸುಣ್ಣ ಬಳಿದ ಹಾಗೆ ಬೆಳ್ಳಗೆ! ಅಷ್ಟು ಬೆಳಕು. ಬಲ್ಬು ಹಳೇದಾಯಿತು, ಹೊಸದು ಕೊಡಿಸಿ ಅಂತ ಒಂದು ವರ್ಷದಿಂದ ಅಪ್ಪನ ತಲೆ ತಿಂದಿದ್ದೆ. ನನಗೆ ನಾಚಿಕೆಯಾಗಿ ಕ್ಯಾಮೆರಾದ ಸೆಟ್ಟಿಂಗ್ ಕಮ್ಮಿ ಮಾಡಿದೆ. ತಾನು ತೊಳೆದ ಲೈಟಿನ ಮುಂದೆ ಆಕೆ ಸೊಂಟಕ್ಕೆ ಕೈ ಇಟ್ಟು ನಿಂತ ಠೀವಿ ಇತ್ತಲ್ಲ, ಅದೇ ಮೂರನೇ ಬೋರ್ಡು.

ಹೊರಡುವಾಗ ಬಾಗಿಲಲ್ಲಿ ನಿಂತು, "ತಿಂಗ್ಳಿಗೊಂದ್ಸಲ ಫೋನ್ ಮಾಡಮ್ಮಾ, ಬರ್ತೀನಿ," ಅಂದರು.

"ಫೋಟೋ ಅಷ್ಟು ಹಿಡಿಸ್ತಾ ಅಕ್ಕಾ?"

"ಫೋಟೋಕ್ಕಲ್ಲ, ತೊಳೆಯಾಕೆ."

೪. ಮಧುಗಿರಿಗೆ ನಾನೇ

ಮೂರೂ ಫೋಟೋ ನೋಡಿ ಯಜಮಾನರಿಗೆ ಖುಷಿಯೋ ಖುಷಿ. ಖುಷಿ ಜಾಸ್ತಿಯಾಗಿ, "ಮಧುಗಿರಿಗೆ ಬೇರೆಯವ್ರು ಯಾಕೆ? ನಾನೇ ನಿಲ್ತೀನಿ," ಅಂದರು. ನಾಲ್ಕನೆಯದು ಮದುಮಗನ ಷೇರ್ವಾನಿ. ಯಜಮಾನರ ವಯಸ್ಸು ಐವತ್ತೈದು, ಹೊಟ್ಟೆ ಬೇರೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಬೇಡ ಅನ್ನೋಕಾಗುತ್ತಾ? ವರ್ಷದ ಕೆಲಸ ಅವರ ಕೈಯಲ್ಲಿ, ರಾಗಿ ಮಿಷನ್ನು ಅಪ್ಪನ ಬಾಯಲ್ಲಿ.

ಅಂಗಡಿಯಲ್ಲಿದ್ದ ಅತಿ ದೊಡ್ಡ ಷೇರ್ವಾನಿಯೂ ಅವರ ಮುಂದೆ ಕೂಡಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಗುಟ್ಟಿದೆ. ಬಟ್ಟೆ ದೊಗಳೆಯಾದರೆ ಬೆನ್ನ ಹಿಂದೆ ಕ್ಲಿಪ್ಪು, ಬಿಗಿಯಾದರೆ ಬೆನ್ನ ಹೊಲಿಗೆ ಬಿಚ್ಚು. ಫೋಟೋಕ್ಕೆ ಬೆನ್ನು ಬೇಕಾಗಿಲ್ಲವಲ್ಲ. "ಅಣ್ಣಾ, ಹಿಂದೆ ಸ್ವಲ್ಪ ಅಡ್ಜಸ್ಟ್ ಮಾಡ್ತೀನಿ," ಅಂದೆ. ಸ್ವಲ್ಪ ಅಂದರೆ ಕತ್ತಿನಿಂದ ಸೊಂಟದವರೆಗೆ. ಎರಡು ಕಡೆಯನ್ನೂ ಲಾಡಿ ಹಾಕಿ ಎಳೆದು ಕಟ್ಟಿದೆ. ಮುಂದಿನಿಂದ ಮಹಾರಾಜ. ಹಿಂದಿನಿಂದ ಬನಿಯನ್ನು, ಅದರಲ್ಲೂ ಎರಡು ಕಿಟಕಿ.

ಬೆಳಕನ್ನು ಮೇಲಿನಿಂದ ಬಿಟ್ಟು ಗದ್ದದ ಕೆಳಗೆ ನೆರಳು ತಂದೆ, ರುಮಾಲು ಕಟ್ಟಿದೆ, ಕೈಗೆ ಗುಲಾಬಿ ಕೊಟ್ಟೆ, ಹೊಟ್ಟೆಯನ್ನು ಕತ್ತಲೆಗೆ ತಳ್ಳಿದೆ. ಫೋಟೋ ಬಂತು ನೋಡಿ, ನನಗೇ ನಂಬಿಕೆಯಾಗಲಿಲ್ಲ. ಯಜಮಾನರು ಸ್ಕ್ರೀನ್ ನೋಡಿ ರುಮಾಲು ಸರಿಮಾಡಿಕೊಂಡರು. ಆಮೇಲೆ, "ಇರಮ್ಮ, ನಮ್ಮನೆಯೋಳಿಗೆ ಇಂಗೇ ತೋರುಸ್ಬುಟ್ಟು ಬತ್ತೀನಿ," ಅಂದವರೇ ಎದ್ದು ಹೊರಟೇಬಿಟ್ಟರು! ನಾನು ಅಕ್ಕ ಅನ್ನೋ ಅವರ ಹೆಂಡತಿ ಅಂಗಡಿಯ ಕ್ಯಾಷ್ ಕೌಂಟರಲ್ಲಿ ಕೂತಿರುತ್ತಾರೆ.

"ಅಣ್ಣಾ! ಬೆನ್ನು..." ಅನ್ನೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವರು ರಸ್ತೆಯಲ್ಲಿ. ಹಗಲು ಹನ್ನೊಂದು ಗಂಟೆ, ಬಸ್ ಸ್ಟ್ಯಾಂಡಿನ ಜನ ಪೂರ್ತಿ ಅಲ್ಲೇ. ಈಗ ಹೇಳಿದರೆ ನಡುರಸ್ತೆಯಲ್ಲಿ ಮರ್ಯಾದೆ ಹೋಗುತ್ತೆ, ಜೊತೆಗೆ ನನ್ನ ಕೆಲಸವೂ. ಬೆಳಕು ತಿರುಗಿಸೋ ಬೆಳ್ಳಿ ಬಣ್ಣದ ದುಂಡನೆ ರಿಫ್ಲೆಕ್ಟರ್ ಕೈಗೆ ಸಿಕ್ಕಿತು. ಅದನ್ನೇ ಅವರ ಬೆನ್ನಿಗೆ ಹಿಡಿದುಕೊಂಡು ಹಿಂದೆಯೇ ಓಡಿದೆ.

ನಾಲ್ಕು ಮಳಿಗೆ ದೂರ ಅಷ್ಟೇ. ಬೇಗ ನಡೆದಾರು ಅಂದುಕೊಂಡರೆ, ಜನ ನೋಡ್ತಾ ಇದ್ದಾರೆ ಅಂತ ಗೊತ್ತಾಗಿ ಯಜಮಾನರು ಇನ್ನೂ ನಿಧಾನ ಮಾಡಿದರು! ಎಳನೀರಿನವನಿಗೆ ಕೈ ಮುಗಿದರು. ಬಸ್ಸಿನ ಕಿಟಕಿಗಳಿಗೆ ಗುಲಾಬಿ ಬೀಸಿದರು. ಕಂಡಕ್ಟರ್ ಒಬ್ಬ, "ಯಾವ್ ಪಿಚ್ಚರ್ ಶೂಟಿಂಗಮ್ಮಾ?" ಅಂತ ಕೂಗಿದ. ಅಷ್ಟರಲ್ಲಿ ಮೇಲಿನ ಲಾಡಿ ಬಿಚ್ಚಿತು. ರಿಫ್ಲೆಕ್ಟರ್ ಸಾಲದಾಯಿತು, ಎಡಗಡೆ ಮುಚ್ಚಿದರೆ ಬಲಗಡೆ ಬನಿಯನ್ನು. ನನಗೆ ಅಳುವೇ ಬಂತು.

ಆಗ ಪಕ್ಕದಲ್ಲಿ ಯಾರೋ ಏದುಸಿರು ಬಿಟ್ಟರು. ನೋಡಿದರೆ ಅಪ್ಪ! ಕೈಯಲ್ಲಿ ನನ್ನ ಬಿಳೀ ಕೊಡೆ. ಅದನ್ನು ಬಿಚ್ಚಿ ಯಜಮಾನರ ಬಲಬೆನ್ನಿಗೆ ಹಿಡಿದು, ನನ್ನ ಕಿವಿಯಲ್ಲಿ, "ಮಿಷನ್ ವಿಷ್ಯ ಆಮೇಲೆ ಮಾತಾಡಾಣ, ಮೊದ್ಲು ಈ ಬೆನ್ನು ಮುಚ್ಚು," ಅಂದರು. ಎಡಕ್ಕೆ ನಾನು, ಬಲಕ್ಕೆ ಅಪ್ಪ, ನಡುವೆ ಯಜಮಾನರು. ಹಾಗೇ ಅಂಗಡಿ ಮುಟ್ಟಿದೆವು.

ಕೌಂಟರಲ್ಲಿದ್ದ ಅಕ್ಕ ಗಂಡನನ್ನು ಮೇಲಿಂದ ಕೆಳಕ್ಕೆ ನೋಡಿ ಎದ್ದು ನಿಂತರು. ಮುಖ ಅರಳಿತ್ತು. "ಚೆನ್ನಾಗೈತಲ್ರೀ! ತಿರುಗಿ, ಹಿಂದ್ಗಡೆ ಹೆಂಗೆ ಕೂತೈತೆ ನೋಡಾಣ," ಅಂದರು.

"ಅಕ್ಕಾ ಬೇಡ!" ನಾನು ಕೂಗಿದೆ. ಯಜಮಾನರು ಗತ್ತಿನಿಂದ ತಿರುಗಿಯೇಬಿಟ್ಟರು.

ಸೇಲ್ಸಿನ ಹುಡುಗಿಯರು ವೇಲು ಬಾಯಿಗೆ ತುರುಕಿಕೊಂಡರು. ಯಜಮಾನರಿಗೆ ಏನೋ ಅನುಮಾನ ಬಂದು ಕೈ ಹಿಂದೆ ಹಾಕಿ ತಡಕಾಡಿದರು. ಬನಿಯನ್ನಿನ ಒಂದು ಕಿಟಕಿಯಲ್ಲಿ ಬೆರಳು ಹೋಯಿತು. ಮುಖ ಕೆಂಪಗಾಯಿತು. "ಏನಮ್ಮಾ ಇದು! ಬಸ್ ಸ್ಟ್ಯಾಂಡ್ ತುಂಬಾ ಇಂಗೇ ಬಂದ್ಬುಟ್ನಾ? ನಿನ್ ಸವಾಸವೇ ಬ್ಯಾಡ, ಈಗ್ಲೇ ಬೆಂಗ್ಳೂರಿಗೆ ಫೋನ್ ಮಾಡ್ತೀನಿ!"

ಮುಗಿಯಿತು ಅಂದುಕೊಂಡೆ. ಅಪ್ಪ ಕೊಡೆ ಮಡಚಿ ತಲೆ ತಗ್ಗಿಸಿದರು. ಅಕ್ಕ ಮಾತ್ರ ನನ್ನ ಕತ್ತಿನಿಂದ ಕ್ಯಾಮೆರಾ ಬಿಚ್ಚಿಕೊಂಡರು. ಫೋಟೋ ನೋಡಿದರು. ಗಂಡನ್ನ ನೋಡಿದರು. ಮತ್ತೆ ಫೋಟೋ ನೋಡಿದರು. ಆಮೇಲೆ ಗಂಡನ ಕೈಯಲ್ಲಿದ್ದ ಫೋನ್ ಕಿತ್ತುಕೊಂಡು ಹೇಳಿದರು:

"ಸುಮ್ನಿರಿ ನೀವು. ನಮ್ಮನೆ ಹಳೇ ಸ್ಟಾಕನ್ನೇ ಇಷ್ಟು ಹೊಸದಾಗಿ ಕಾಣ್ಸಿದೋಳು, ಗೋಡೌನಲ್ಲಿ ಬಿದ್ದಿರೋ ಸೀರೆ ಬುಡ್ತಾಳಾ? ಕೆಲ್ಸ ಇವ್ಳಿಗೇ ಕೊಡಿ."