ಹುರಿದ ನವಿಲಿನ ಮೇಲಿಟ್ಟ ಆಣೆ

ಈ ಸಲದ ನವಿಲೂಟದಲ್ಲಿ ಆರ್ತ್ವಾ ಸೀಮೆಯ ಸರದಾರರೆಲ್ಲ ಮೂಗಿನ ಮೇಲೆ ಬೆರಳಿಡುವಂಥ ಪ್ರತಿಜ್ಞೆ ಮಾಡಿಯೇ ತೀರುವುದೆಂದು ನಾನು ನಿರ್ಧರಿಸಿದ್ದೆ. ಒಂದು ಗೋಪುರ, ಎರಡು ಕುದುರೆ, ಹನ್ನೊಂದು ಹಂದಿಗಳ ಒಡೆಯನಾದ ಈ ಒಡಾರ್ ಯಾರಿಗೇನು ಕಡಿಮೆ? ಕೈಲಾಗುವುದನ್ನು ಮಾತ್ರ ಹೇಳಿ ಎಂದು ಹೆಂಡತಿ ಮಾಬಿಲ್ ದಾರಿಯುದ್ದಕ್ಕೂ ಗೊಣಗುತ್ತಲೇ ಬಂದಳು. ವೀರನ ಹೆಂಡತಿಗೆ ಇಷ್ಟು ಸಣ್ಣ ಮನಸ್ಸೇ!

ದೊರೆಯ ಮನೆಯ ಊಟದಲ್ಲಿ ಒಂದು ತಟ್ಟೆಗೆ ಒಬ್ಬ ಸರದಾರ, ಒಬ್ಬ ಹೆಂಗಸು. ಗಂಡ ಹೆಂಡಿರನ್ನು ಮಾತ್ರ ಜೊತೆಗೆ ಕೂರಿಸುವುದಿಲ್ಲ. ಮಾಬಿಲ್ ಪಾಲಿಗೆ ಬಂದವನು ನೆರೆಕೋಟೆಯ ಹ್ಯೂಗೋ. ಏಳು ಈಟಿ ಪಂದ್ಯ ಗೆದ್ದವನು, ಹದಿನಾಲ್ಕರ ಕಥೆ ಹೇಳುವವನು. ಅವನು ಮಾಂಸ ಕತ್ತರಿಸಿ ಅವಳ ಕಡೆ ಸರಿಸುತ್ತಿದ್ದ, ಇವಳು ಕಿಲಕಿಲ ನಗುತ್ತಿದ್ದಳು. ನನ್ನ ತಟ್ಟೆಯ ಪಾಲುಗಾರ್ತಿ ದೊರೆಯ ಕಿವುಡು ಸೋದರತ್ತೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅಷ್ಟರಲ್ಲಿ ಹುರಿದ ನವಿಲು ತನ್ನ ಗರಿಗಳನ್ನೆಲ್ಲ ಮತ್ತೆ ತೊಟ್ಟು ಬೆಳ್ಳಿ ಹರಿವಾಣದಲ್ಲಿ ಬಂತು. ಸರದಾರರು ಒಬ್ಬೊಬ್ಬರಾಗಿ ಅದರ ಮೇಲೆ ಕೈಯಿಟ್ಟು ಆಣೆ ಮಾಡಬೇಕು. ಆಣೆ ಮುರಿದವನಿಗೆ ದೊರೆಯ ಪಂಕ್ತಿಯಲ್ಲಿ ಮತ್ತೆಂದೂ ಜಾಗವಿಲ್ಲ. ನನ್ನ ಸರದಿ ಬಂದೊಡನೆ ಎದ್ದು ಅಬ್ಬರಿಸಿದೆ: "ಪಂದ್ಯದಲ್ಲಿ ಈ ಹ್ಯೂಗೋನನ್ನ ಕುದುರೆಯಿಂದ ಕೆಡವೋ ತನಕ ನನ್ನ ಬಲಗಣ್ಣು ಬಿಡಲ್ಲ!" ಮೇಜುಬಟ್ಟೆಯ ಅಂಚನ್ನೇ ಹರಿದು ಕಣ್ಣಿಗೆ ಬಿಗಿದುಕೊಂಡೆ. ಚಪ್ಪಾಳೆಯೋ ಚಪ್ಪಾಳೆ!

ನವಿಲು ಮೇಜು ಸುತ್ತಿಕೊಂಡು ಹ್ಯೂಗೋನ ಮುಂದೆ ಹೋಯಿತು. ಅವನು ಸಾವಕಾಶವಾಗಿ ಎದ್ದು, ಸಂತ ಯಾಕೋಬರ ಗುಡಿಗೆ ಕಾಲ್ನಡಿಗೆಯಲ್ಲಿ ಹೋಗಿ ಬರುವವರೆಗೆ ಕುದುರೆ ಹತ್ತುವುದಿಲ್ಲವೆಂದು ಆಣೆ ಮಾಡಿದ. ಹೋಗಿ ಬರಲು ಒಂದು ವರ್ಷ! ಕುದುರೆಯನ್ನೇ ಹತ್ತದವನನ್ನು ನಾನು ಎಲ್ಲಿಂದ ಕೆಡವಲಿ?

ಅಂದಿನಿಂದ ನನ್ನ ಪಾಡು ಯಾರಿಗೂ ಬೇಡ. ದ್ರಾಕ್ಷಾರಸವನ್ನು ಬಟ್ಟಲು ಬಿಟ್ಟು ಅದರ ಪಕ್ಕಕ್ಕೆ ಸುರಿದೆ. ಬಲಗಡೆಯಿಂದ ಬಂದ ಪಾದ್ರಿಗಳನ್ನು ಕಾಣದೆ ಮೊಣಕೈಯಿಂದ ತಿವಿದೆ. ಕೋಟೆಯ ಸೇತುವೆಯ ಬಲ ಅಂಚು ತಿಳಿಯದೆ ಮೂರು ಸಲ ಕಂದಕಕ್ಕೆ ಬಿದ್ದೆ.

ಮೂರನೆಯ ಸಲ ನನ್ನನ್ನು ಮೇಲೆತ್ತಿಸಿ ತಲೆ ಒರೆಸುತ್ತಿದ್ದ ಮಾಬಿಲ್‌ಳ ಮುಂದೆ ನಾನು ಹ್ಯೂಗೋನ ವಂಶವನ್ನೆಲ್ಲ ಜಾಲಾಡಿದೆ. ಹೇಡಿ, ನನಗೆ ಹೆದರಿ ಊರನ್ನೇ ಬಿಟ್ಟ ಎಂದೆ.

"ಅವರನ್ನ ಬಯ್ಯಬೇಡಿ. ನೀವು ಕಣ್ಣಿಗೆ ಬಟ್ಟೆ ಕಟ್ಕೊಂಡ ಕೂಡ್ಲೇ, ಹಾಗೆ ಆಣೆ ಮಾಡಿ ಅಂತ ಅವರನ್ನ ಬೇಡ್ಕೊಂಡೋಳು ನಾನೇ."

ನಾನು ಉಳಿದ ಒಂದು ಕಣ್ಣನ್ನೇ ಅರಳಿಸಿ ಅವಳನ್ನು ನೋಡಿದೆ.

"ಒಕ್ಕಣ್ಣ ಗಂಡನ ಜೊತೆ ಒಂದು ವರ್ಷ ಹೇಗೋ ಬಾಳ್ತೀನಿ. ಗಂಡನೇ ಇಲ್ದೆ ಬಾಳೋಕೆ ನನ್ನಿಂದಾಗಲ್ಲ" ಎಂದಳು.

ನನ್ನ ಎದೆ ತುಂಬಿ ಬಂತು. ಅವಳ ಕೈ ಹಿಡಿದುಕೊಂಡು, ಆದರೂ ಒಂದೇ ಕಣ್ಣಲ್ಲಿ ಅವನನ್ನು ಸೋಲಿಸಿಬಿಡುತ್ತಿದ್ದೆನಲ್ಲ ಎಂದೆ.

"ಹೋದ ಪಂದ್ಯದಲ್ಲಿ ಎರಡೂ ಕಣ್ಣು ಬಿಟ್ಕೊಂಡೇ ಇದ್ರಿ. ಎದುರಾಳಿ ಕುದುರೆ ಹತ್ತೋಕೆ ಮುಂಚೇನೇ ಬಿದ್ರಲ್ಲಾ ರೀ."