ಮುನ್ನೂರ ಎರಡು ಅಂತ ನಿಂತ ಕಂಪ್ಯೂಟರ್

ಚೆನ್ನಾಗಿ ನಡೆಯುತ್ತಿರುವ ಯಂತ್ರ ಇನ್ನೂ ಚೆನ್ನಾಗಿ ನಡೆಯಲಿ ಅಂತ ನಾನು ಕೈ ಹಾಕಿದಾಗೆಲ್ಲ ಅದು ನಿಂತುಹೋಗಿದೆ. ಮನೆಯ ರೇಡಿಯೊ ಹೀಗೇ ಹೋಯಿತು. ಮಾವನವರ ಗೋಡೆ ಗಡಿಯಾರವೂ ಹೋಯಿತು. ಎಂಬತ್ತರ ದಶಕದ ಕೊನೆಯಲ್ಲಿ, ಮುಳಬಾಗಿಲಿನ ಒಂದು ಕಾಲೇಜಿನಲ್ಲಿ, ಕಂಪ್ಯೂಟರ್ ಹೋಯಿತು. ನಾನಲ್ಲಿ ಭೌತಶಾಸ್ತ್ರದ ತಾತ್ಕಾಲಿಕ ಮೇಷ್ಟ್ರು. ಬೆಂಗಳೂರಿನಲ್ಲಿ ಹತ್ತು ದಿನ ತರಬೇತಿ ಪಡೆದಿದ್ದೆ ಅನ್ನೋ ಒಂದೇ ತಪ್ಪಿಗೆ ಅದನ್ನು ನನ್ನ ಕೊರಳಿಗೆ ಕಟ್ಟಿದ್ದರು.

ಗುರುವಾರ: ಜ್ಞಾಪಕಶಕ್ತಿ

ಸೋಮವಾರ ತನಿಖಾ ಸಮಿತಿ ಬರುವುದಿತ್ತು. ಕಂಪ್ಯೂಟರ್ ಕೋರ್ಸಿಗೆ ಒಪ್ಪಿಗೆ ಸಿಕ್ಕರೆ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ನಾನು ಮನೆಗೆ. ಯಂತ್ರದ ಮೆಮೊರಿ ಸಾಲದು ಅಂತ ಹೊಸ ಚಿಪ್ಪುಗಳನ್ನು ಕೂರಿಸತೊಡಗಿದೆ. ಒಂದೊಂದಕ್ಕೂ ಜರಿಹುಳದ ಹಾಗೆ ಸಾಲು ಕಾಲು. ಪ್ರಿನ್ಸಿಪಾಲರು ಬಗ್ಗಿ ನೋಡುತ್ತಿದ್ದರು.

"ಇದನ್ನ ಹಾಕಿದ್ರೆ ಅದಕ್ಕೆ ಎಲ್ಲಾ ನೆನಪಿರುತ್ತಾ?"

"ಇರುತ್ತೆ ಸಾರ್."

"ಹಾಗಾದ್ರೆ ನಮ್ಮ ಗುಮಾಸ್ತರಿಗೂ ಎರಡು ಮಿಗಿಸಿ ಇಡಿ."

ಮುಚ್ಚಳ ಹಾಕಿ, ಊಟ ಮಾಡಿ ಬಂದು ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಪರದೆಯ ಮೇಲೆ '302' ಅಂತ ಒಂದು ಅಂಕಿ ಬಂತು. ಅಲ್ಲಿಗೆ ಮುಗಿಯಿತು.

ಶುಕ್ರವಾರ: ವೈರ್‌ಮನ್

ಒಂದು ಚಿಪ್ಪಿನ ಕಾಲು ಸೊಟ್ಟಗಾಗಿತ್ತು. ಸೇಫ್ಟಿ ಪಿನ್ನಿನಿಂದ ನೆಟ್ಟಗೆ ಮಾಡಿದೆ. ಮತ್ತೆ 302. ಹೊಸ ಚಿಪ್ಪುಗಳನ್ನೆಲ್ಲ ಕಿತ್ತು ಮೊದಲಿದ್ದ ಹಾಗೇ ಮಾಡಿದೆ. ಆಗಲೂ 302! ಕಾಲೇಜಿನ ವೈರ್‌ಮನ್ನನ್ನು ಕರೆಸಿದೆ. ಅವನು ಟೆಸ್ಟರ್ ಇಟ್ಟು, "ಕರೆಂಟು ಬಾಗುಂದಿ ಸಾರ್, ಏನೂ ತೊಂದ್ರೆ ಇಲ್ಲ" ಅಂದ.

"ಹಾಗಾದ್ರೆ ದೋಷ ಎಲ್ಲಿದೆಯಪ್ಪಾ?"

"ತಾವು ಮುಟ್ಟಿದ್ದು ಎಲ್ಲಿ ಸಾರ್?"

ಶನಿವಾರ: ಅಧ್ಯಕ್ಷರು

ಆಡಳಿತ ಮಂಡಳಿಯ ಅಧ್ಯಕ್ಷರು ಕ್ರಿಮಿನಲ್ ವಕೀಲರು. ಪರದೆ ನೋಡಿ ಹುಬ್ಬೇರಿಸಿದರು.

"ಮುನ್ನೂರ ಎರಡಾ? ಇದು ಕೊಲೆ ಕೇಸು ಕಣ್ರೀ! ಮೇಷ್ಟ್ರೇ, ಇದನ್ನ ಕೊನೇ ಸಲ ಜೀವಂತವಾಗಿ ನೋಡಿದ್ದು ಯಾರು?"

"ನಾನೇ ಸಾರ್."

"ಒಳಗೆ ಕೈ ಹಾಕಿದ್ದು?"

"ಅದೂ ನಾನೇ ಸಾರ್."

"ಜಾಮೀನು ಕಷ್ಟ" ಅಂದು ಹೊರಟೇಹೋದರು.

ಭಾನುವಾರ: ರಾಜೀನಾಮೆ

ಅವರೇ ಓಡಿಸುವ ಮೊದಲು ನಾನೇ ಹೋಗುವುದು ಮರ್ಯಾದೆ ಅನ್ನಿಸಿತು. ಮನೆಯಲ್ಲಿ ಕೂತು ರಾಜೀನಾಮೆ ಪತ್ರ ಬರೆದೆ. ಕಣ್ಣು ಒದ್ದೆಯಾಗಿತ್ತು. ಹೆಂಡತಿ ಅದನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ನಿಟ್ಟುಸಿರು ಬಿಟ್ಟಳು.

"ನಿಮ್ಮ ಅಕ್ಷರ ಯಾರಿಗೆ ತಿಳಿಯುತ್ತೆ? ರಜಾ ಚೀಟಿ ಅಂದ್ಕೊಂಡು ಮಂಜೂರು ಮಾಡ್ತಾರೆ ಅಷ್ಟೆ."

ಸೋಮವಾರ: ಇಂಜಿನಿಯರ್

ಶನಿವಾರ ಫೋನು ಮಾಡಿ ಕರೆದಿದ್ದ ಕಂಪ್ಯೂಟರ್ ಕಂಪನಿಯ ಇಂಜಿನಿಯರ್ ಬೆಂಗಳೂರಿನಿಂದ ಮೊದಲ ಬಸ್ಸಿಗೆ ಬಂದಿಳಿದರು. ಸಮಿತಿಯವರು ಕೋಲಾರ ದಾಟಿದರು ಅಂತ ಅಷ್ಟರಲ್ಲಿ ಫೋನು. ಇಂಜಿನಿಯರ್ ತಮ್ಮ ಚೀಲದಿಂದ ದಪ್ಪ ಪುಸ್ತಕ ತೆಗೆದು ಹಾಳೆ ತಿರುವಿದರು.

"302 ಅಂದ್ರೆ ಬೀಗ ಹಾಕಿದೆ ಅಂತ. ಬೀಗದ ಕೈ ಎಲ್ಲಿ?"

ಯಂತ್ರದ ಮುಂಭಾಗದಲ್ಲಿ ಪುಟ್ಟ ದುಂಡು ತೂತೊಂದಿತ್ತು. ಅದು ಅಲಂಕಾರಕ್ಕೆ ಅಂತ ನಾನು ತಿಳಿದಿದ್ದೆ. ಪ್ರಿನ್ಸಿಪಾಲರು ಅಂಗಿಯೊಳಗೆ ಕೈ ಹಾಕಿ ಜನಿವಾರ ಎಳೆದರು. ಅದರಲ್ಲಿ ಪುಟ್ಟ ಬೀಗದ ಕೈ ತೂಗಾಡುತ್ತಿತ್ತು. ಗುರುವಾರ ನಾನು ಊಟಕ್ಕೆ ಹೋದಾಗ, ಒಳಗಿನ ಹೊಸ ಸಾಮಾನು ಕಳುವಾಗದಿರಲಿ ಅಂತ ಬೀಗ ಹಾಕಿದ್ದರಂತೆ.

"ಈ ಬೀಗ ಪೆಟ್ಟಿಗೆಗಲ್ಲ ಸಾರ್, ಕೀಬೋರ್ಡಿಗೆ" ಅಂದರು ಇಂಜಿನಿಯರ್. ಜನಿವಾರದಿಂದ ಬಿಚ್ಚಲು ಪುರುಸೊತ್ತಿರಲಿಲ್ಲ. ಪ್ರಿನ್ಸಿಪಾಲರೇ ಯಂತ್ರಕ್ಕೆ ಎದೆ ಒತ್ತಿ ನಿಂತು ಬೀಗ ತೆಗೆದರು. ಚಿಪ್ಪುಗಳನ್ನು ಮತ್ತೆ ಕೂರಿಸಿ ಸ್ವಿಚ್ ಒತ್ತಿದೆವು. ಎದ್ದಿತು! ಸಮಿತಿ ನೋಡಿ ಮೆಚ್ಚಿ ಒಪ್ಪಿಗೆಯನ್ನೂ ಕೊಟ್ಟಿತು.

ಅವರನ್ನು ಕಳಿಸಿ ಬಂದು, ಅಳುವೋ ಸಿಟ್ಟೋ ತಿಳಿಯದೆ ಕೇಳಿದೆ. "ನಾಲ್ಕು ದಿನ ನಾನು ಸಾಯ್ತಿದ್ದೆನಲ್ಲಾ ಸಾರ್, ಬೀಗದ ಕೈ ನನ್ನ ಹತ್ರ ಇದೆ ಅಂತ ಒಂದು ಮಾತು ಹೇಳಬಾರದಿತ್ತೇ?"

ಪ್ರಿನ್ಸಿಪಾಲರು ಅದನ್ನು ಮತ್ತೆ ಅಂಗಿಯೊಳಗೆ ಸೇರಿಸುತ್ತಾ ಅಂದರು: "ನೀವು ಕೇಳಲೇ ಇಲ್ಲವಲ್ಲ. ಕೇಳಿದ್ರೂ ಕೊಡ್ತಿರಲಿಲ್ಲ, ಅದು ಬೇರೆ ಮಾತು."